ತಕ್ಕಡಿ ಸಂಘ ಮತ್ತು ನಮ್ಮ ಕೇರಿ

ಬನಹಟ್ಟಿಯ ಓಣಿಯೊಂದರಲ್ಲಿ ಮಗ್ಗದ ಸಪ್ಪಳ ನಿಂತು, ರೊಟ್ಟಿ ಉಂಡು, ಪಡಸಾಲಿಯಲ್ಲಿ ಕೌದಿ ಹಾಸಿದ ಮೇಲೆ ಹುಡುಗಿಯರು ಮೊಬೈಲು ಹಿಡಿದು ಕೂಡುತ್ತಾರೆ. ಹಗಲೆಲ್ಲ ಕಂಡಿಕೆ ಸುತ್ತಿದ ಕೈಗಳವು. ಅವರು ನೋಡುವುದು ಕೊರಿಯಾ ದೇಶದ ಧಾರಾವಾಹಿ. ಮಾತು ಹಿಂದಿಯಾಗೋ ತೆಲುಗಿನಾಗೋ ಇರತೈತಿ. ಕನ್ನಡದಾಗ ಸಿಗೂದು ಕಡಿಮಿ. ಜಮಖಂಡಿಯ ಹಾಸ್ಟೆಲ್ಲುಗಳಲ್ಲಿ, ಮುಧೋಳದ ಕಾಲೇಜು ಹುಡುಗರಲ್ಲಿ, ಬೀಳಗಿಯ ಪುನರ್ವಸತಿ ಊರುಗಳಲ್ಲಿ ಇದೇ ಕತೆ. ಮೊದಮೊದಲು ನಾವು ಇದನ್ನು ಕಂಡು ಸಿಟ್ಟಾದೆವು. ಹೊಟ್ಟಿ ತುಂಬಿದ ದೇಶದ ಚೆಲುವ ಚೆಲುವೆಯರ ಪ್ರೇಮದ ಆಟ ನೋಡಿ ನಮ್ಮ ಮಕ್ಕಳು ತಮ್ಮ ಬಡತನ ಮರೆಯುತ್ತಾರೆ, ಇದು ಬಂಡವಾಳಶಾಹಿಯ ಹೊಸ ಅಫೀಮು ಎಂದು ಸಂಘಟನೆಯ ಸಭೆಗಳಲ್ಲಿ ಭಾಷಣ ಮಾಡಿದೆವು.

ಒಂದು ದಿನ ಅಭ್ಯಾಸ ಶಿಬಿರದಲ್ಲಿ ಪಿಯುಸಿ ಓದುವ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಅಣ್ಣಾರ, ಅವರ ದೇಶದಾಗೂ ಕೇರಿ ಇತ್ತೇನ್ರಿ? ನಾ ನೋಡೂ ಧಾರಾವಾಹಿದಾಗ ಒಬ್ಬನ್ನ ಕಟಗರ ಮಗ ಅಂತ ಎಲ್ಲಾರೂ ಬೈತಾರ, ಮುಟ್ಟಸಗೊಳ್ಳಂಗಿಲ್ಲ."

ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಭಾಷಣ ಮಾಡಿದವರೆಲ್ಲ ತಲೆ ಕೆಳಗೆ ಹಾಕಿದೆವು. ನೋಡದೆ ಬೈದಿದ್ದೆವು. ಆ ಮೇಲೆ ನಾವೂ ನೋಡಿದೆವು, ಚರಿತ್ರೆ ಓದಿದೆವು. ಆ ತಂಗಿಯ ಪ್ರಶ್ನೆಗೆ ತಡವಾಗಿ ಕೊಡುವ ಉತ್ತರ ಈ ಲೇಖನ.

1

ಇತ್ತು. ಅವರ ದೇಶದಲ್ಲೂ ಕೇರಿ ಇತ್ತು.

1392ರಿಂದ ಐನೂರು ವರ್ಷಕ್ಕೂ ಮಿಕ್ಕಿ ಕೊರಿಯಾವನ್ನು ಆಳಿದ್ದು ಜೋಸಾನ್ ರಾಜಮನೆತನ. ಧಾರಾವಾಹಿಗಳಲ್ಲಿ ನಾವು ನೋಡುವ ಕರೀ ಜಾಲರಿ ಟೊಪ್ಪಿಗೆ, ರೇಷ್ಮೆ ಲಂಗ, ಹೆಂಚಿನ ಅರಮನೆಗಳೆಲ್ಲ ಆ ಕಾಲದವು. ಸಮಾಜದ ತುದಿಯಲ್ಲಿ ಯಾಂಗ್‌ಬಾನ್ ಎಂಬ ಓದಿನ, ಭೂಮಿಯ, ಅಧಿಕಾರದ ಒಡೆಯರು. ಅವರ ಕೆಳಗೆ ವೈದ್ಯರು, ದುಭಾಷಿಗಳಂಥ ನಡುವಿನವರು. ಅವರ ಕೆಳಗೆ ಬೇಸಾಯದವರು, ಕುಶಲಕರ್ಮಿಗಳು, ವ್ಯಾಪಾರಿಗಳು. ಎಲ್ಲರ ಕೆಳಗೆ ಹೀನರು: ನೋಬಿ ಎಂಬ ಗುಲಾಮರು, ಗಿಸೆಂಗ್ ಎಂಬ ಕುಣಿಯುವ ಹೆಣ್ಣುಮಕ್ಕಳು, ಬೆಕ್‌ಜಾಂಗ್ ಎಂಬ ಕಟುಕರು. ದನ ಕೊಯ್ಯುವುದು, ತೊಗಲು ಹದ ಮಾಡುವುದು, ಬುಟ್ಟಿ ಹೆಣೆಯುವುದು ಬೆಕ್‌ಜಾಂಗರ ಕುಲಕಸುಬು. ಅವರ ಮಾಂಸ ಯಾಂಗ್‌ಬಾನರ ಊಟಕ್ಕೆ ಬೇಕು, ಅವರ ತೊಗಲು ಯಾಂಗ್‌ಬಾನರ ಕಾಲಿಗೆ ಬೇಕು, ಅವರು ಮಾತ್ರ ಊರ ಹೊರಗಿರಬೇಕು. ಈ ಲೆಕ್ಕ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅವರು ಹೆಂಚಿನ ಮನೆ ಕಟ್ಟುವಂತಿರಲಿಲ್ಲ. ರೇಷ್ಮೆ ಉಡುವಂತಿರಲಿಲ್ಲ. ಉಳಿದವರು ಹಾಕುವ ಕರೀ ಟೊಪ್ಪಿಗೆ ಹಾಕುವಂತಿರಲಿಲ್ಲ. ಬಿದಿರಿನ ಟೊಪ್ಪಿಗೆ ಹಾಕಿ ದೂರದಿಂದಲೇ ಗುರುತು ತೋರಿಸಬೇಕಿತ್ತು. ಮದುವೆಯಲ್ಲಿ ಕುದುರೆ ಏರುವಂತಿಲ್ಲ, ಸತ್ತರೆ ಚಟ್ಟಕ್ಕೆ ಸಿಂಗಾರ ಇಲ್ಲ. ಸಾಮಾನ್ಯ ರೈತನ ಸಣ್ಣ ಕೂಸಿಗೂ ಮುದಿ ಕಟುಕ ತಲೆ ಬಾಗಿಸಬೇಕು. ನಮ್ಮ ಹಿರಿಯರು ಕೆರವು ಕೈಯಾಗ ಹಿಡಕೊಂಡು ವಾಡೇದ ಮುಂದ ದಾಟಿದ್ದು, ಮದುವಣಿಗನನ್ನು ಕುದುರೆಯಿಂದ ಇಳಿಸಿದ್ದು, ಚಾದಂಗಡಿಯಲ್ಲಿ ಬೇರೆ ಬಟ್ಟಲು ಇಟ್ಟದ್ದು ಎಲ್ಲ ಒಮ್ಮೆಲೆ ನೆನಪಾಯಿತು. ಎಲ್ಲಿಯ ಜೋಸಾನ್, ಎಲ್ಲಿಯ ಜಮಖಂಡಿ ಸಂಸ್ಥಾನ! ಸಮುದ್ರ ಬೇರೆ, ದೇವರು ಬೇರೆ, ಭಾಷೆ ಬೇರೆ. ಅವಮಾನದ ವ್ಯಾಕರಣ ಮಾತ್ರ ಒಂದೇ.

ಇನ್ನೊಂದು ಮಾತು ಕೇಳಿರಿ. ಬೆಕ್‌ಜಾಂಗ್ ಎಂಬುದು ಮೊದಲು ಬೈಗುಳಾಗಿರಲಿಲ್ಲ. ಅದು ಸಾಮಾನ್ಯ ರೈತರ ಹೆಸರು. ಕೊರಿಯಾದ ಲಿಪಿ ಮಾಡಿಸಿದ ಸೇಜಾಂಗ್ ಎಂಬ ದೊರೆಯನ್ನು ಧಾರಾವಾಹಿಗಳು ದೇವರಂತೆ ತೋರಿಸುತ್ತವೆ. ಅದೇ ದೊರೆ 1423ರಲ್ಲಿ ಹೀನರೆನಿಸಿದವರನ್ನು ರೈತರೊಳಗೆ ಬೆರೆಸಬೇಕೆಂದು ಅವರಿಗೆ ಆ ಹೆಸರು ಕೊಟ್ಟ. ಊರಿನವರು ಏನು ಮಾಡಿದರು? ಅವರನ್ನು 'ಹೊಸ ಬೆಕ್‌ಜಾಂಗರು' ಎಂದು ಬೇರೆ ಇಟ್ಟರು. ಬರಬರುತ್ತ ರೈತರೇ ಆ ಹೆಸರು ಬಿಟ್ಟುಕೊಟ್ಟರು, ಒಳ್ಳೆಯ ಹೆಸರೇ ಬೈಗುಳಾಯಿತು. ನಮಗೂ ಒಬ್ಬ ದೊಡ್ಡವರು ದೇವರ ಮಕ್ಕಳು ಎಂಬ ಹೆಸರು ಕೊಟ್ಟಿದ್ದರು. ಹೆಸರು ಬಂತು, ಬಾವಿಯ ಹಗ್ಗ ಕೈಗೆ ಬರಲಿಲ್ಲ. ಮೇಲಿನವರು ದಯದಿಂದ ಕೊಟ್ಟ ಹೆಸರಿಗೆ ಎರಡೂ ದೇಶಗಳಲ್ಲಿ ಒಂದೇ ಗತಿ ಆಗಿದೆ.

2

ಈಗ ಧಾರಾವಾಹಿಯ ಮಾತಿಗೆ ಬರೋಣ. ಭಾರತಕ್ಕೆ ಇವು ನಿನ್ನೆ ಮೊನ್ನೆ ಬಂದವಲ್ಲ. ಮಣಿಪುರದಲ್ಲಿ 2000ದಲ್ಲಿ ಬಂಡುಕೋರರು ಹಿಂದಿ ಸಿನಿಮಾ ನಿಷೇಧಿಸಿದ ಮೇಲೆ ಕೊರಿಯಾದ ಚಿತ್ರಗಳು ಅಲ್ಲಿಯ ಮನೆ ಹೊಕ್ಕವು. ಮುಂದೆ ದೂರದರ್ಶನವೇ 'ಜ್ಯುವೆಲ್ ಇನ್ ದ ಪ್ಯಾಲೇಸ್' ಎಂಬ ಧಾರಾವಾಹಿಯನ್ನು ಹಿಂದಿಗೆ ಮಾತು ಬದಲಿಸಿ ತೋರಿಸಿತು. ಇದು ಕೊರಿಯಾದಲ್ಲಿ 2003-04ರಲ್ಲಿ 54 ಕಂತುಗಳಲ್ಲಿ ಬಂದದ್ದು. ಅರಮನೆಯ ಅಡಿಗೆಮನೆ ಸೇರಿದ ಜಾಂಗ್‌ಗಮ್ ಎಂಬ ಹುಡುಗಿ ರಾಜನ ವೈದ್ಯೆಯಾಗುವ ಕತೆ.

ಅದರ ಆರಂಭದ ಕಂತುಗಳನ್ನು ನಮ್ಮ ಓದುಗರು ನೋಡಲೇಬೇಕು. ಜಾಂಗ್‌ಗಮ್‌ಳ ತಂದೆ ತಾಯಿ ಜೀವ ಉಳಿಸಿಕೊಳ್ಳಲು ಬೆಕ್‌ಜಾಂಗರ ವೇಷದಲ್ಲಿ ಅಡಗಿರುತ್ತಾರೆ. ಕೂಸಿಗೆ ಓದುವ ಹಂಬಲ. ಕಟುಕರ ಮಗಳಿಗೆ ಅಕ್ಷರ ಯಾಕೆ ಎಂಬ ಮಾತು ಕೇಳಬೇಕು. ಒಂದು ದಿನ ಮಂದಿಯ ನಡುವೆ ತಂದೆಗೆ ಅವಮಾನವಾದಾಗ ಕೂಸು ತಡೆಯಲಾರದೆ, ನಮ್ಮಪ್ಪ ಕಟುಕನಲ್ಲ, ರಾಜನ ಸೈನಿಕ ಎಂದು ಕೂಗಿಬಿಡುತ್ತದೆ. ಆ ಒಂದು ಮಾತಿನಿಂದ ತಂದೆ ಸೆರೆ ಸಿಗುತ್ತಾನೆ.

ನೋಡುವವರ ಕಣ್ಣಲ್ಲಿ ನೀರು ಬರುತ್ತದೆ. ನಮಗೂ ಬಂತು. ಆದರೆ ಕಣ್ಣೊರಸಿಕೊಂಡ ಮೇಲೆ ನಾವೊಂದು ಪ್ರಶ್ನೆ ಕೇಳಬೇಕು. ಅವರು ನಿಜವಾಗಿ ಕಟುಕರಲ್ಲ ಎಂಬುದಕ್ಕೇ ಈ ಅಳುವೇ? ನಿಜವಾದ ಕಟುಕರ ಮಗಳು ಏನೆಂದು ಕೂಗಬೇಕು? ಅವಳಿಗೆ ಬಚ್ಚಿಟ್ಟ ದೊಡ್ಡ ಕುಲ ಇಲ್ಲವಲ್ಲ! ಇದು ಹಳೆಯ ಹುನ್ನಾರ. ನಮ್ಮಲ್ಲಿಯೂ ಸೂತಪುತ್ರನೆಂದು ಹೀಯಾಳಿಸಿಕೊಂಡ ಕರ್ಣ ಕೊನೆಗೆ ಕ್ಷತ್ರಿಯನೇ ಆಗಬೇಕು. ಕಂಪನಿ ನಾಟಕದಲ್ಲಿ ಆಳು ಮಗ ಕೊನೆಯ ಅಂಕದಲ್ಲಿ ದೇಸಾಯರ ಕಳೆದುಹೋದ ಮಗನಾಗಬೇಕು. ನೋಡುವವರು ಬಡವನಿಗೆ ಮರುಗಿದ ಹಾಗೂ ಆಯಿತು, ಕುಲದ ಮರ್ಯಾದೆ ಉಳಿದ ಹಾಗೂ ಆಯಿತು.

ಈ ಹುನ್ನಾರ ಮಾಡದ ಧಾರಾವಾಹಿಯೂ ಇದೆ. 2010ರ 'ಜೇಜುಂಗ್‌ವನ್' ಅಂಥದು. ಅದರ ನಾಯಕ ನಿಜವಾಗಿಯೂ ಬೆಕ್‌ಜಾಂಗ್. ಅವನ ಹೆಸರಿನ ಅರ್ಥ 'ಸಣ್ಣ ನಾಯಿ'. ನಮ್ಮವರಿಗೆ ತಿಪ್ಪ, ಕಲ್ಲ, ಕರಿಯ ಎಂದು ಹೆಸರಿಟ್ಟ ನಾಡಿನವರಾದ ನಮಗೆ ಆ ಹೆಸರು ಕೇಳಿ ಎದೆ ಧಸಕ್ಕೆಂದಿತು. ಆ ಸಣ್ಣ ನಾಯಿ ಹೆಸರು ಬದಲಿಸಿ, ದನ ಕೊಯ್ದ ಕೈಯಿಂದಲೇ ಶಸ್ತ್ರಚಿಕಿತ್ಸೆ ಕಲಿತು ಡಾಕ್ಟರಾಗುತ್ತಾನೆ.

3

ಇದು ಬರೀ ಕಟ್ಟುಕತೆಯಲ್ಲ. ಸೋಲ್ ಪಟ್ಟಣದಲ್ಲಿ ಪಾರ್ಕ್ ಸಂಗ್‌ಚುನ್ ಎಂಬ ಬೆಕ್‌ಜಾಂಗ್ ಇದ್ದ. 1893ರಲ್ಲಿ ಅವನು ವಿಷಮಜ್ವರ ಬಂದು ಮಲಗಿದಾಗ ಎವಿಸನ್ ಎಂಬ ಮಿಶನರಿ ಡಾಕ್ಟರು ಅವನ ಗುಡಿಸಲಿಗೆ ಬಂದು ನೋಡಿದ. ರಾಜನ ನಾಡಿ ಹಿಡಿಯುವ ಕೈ ಕಟುಕನ ನಾಡಿ ಹಿಡಿಯಿತು. ಪಾರ್ಕ್ ಬದುಕಿದ, ಬದುಕಿ ಸುಮ್ಮನೆ ಕೂಡಲಿಲ್ಲ. ನಮಗೂ ಎಲ್ಲರ ಹಾಗೆ ಟೊಪ್ಪಿಗೆ ಹಾಕಲು ಬಿಡಿರಿ ಎಂದು ಸರಕಾರಕ್ಕೆ ಅರ್ಜಿ ಬರೆದ. 1898ರ ಅಕ್ಟೋಬರಿನಲ್ಲಿ ಸಾವಿರಾರು ಜನ ಸೇರಿದ ಸೋಲ್‌ನ ಬಹಿರಂಗ ಸಭೆಯಲ್ಲಿ, ಮಂತ್ರಿಗಳ ಎದುರಿಗೆ, ಎದ್ದು ನಿಂತು ಮಾತಾಡಿದ. ಅವನ ಮಗ ಪಾರ್ಕ್ ಸೊಯಾಂಗ್ 1908ರಲ್ಲಿ ಅಲ್ಲಿಯ ಸೆವೆರನ್ಸ್ ವೈದ್ಯಶಾಲೆಯಿಂದ ಹೊರಬಿದ್ದ ಮೊದಲ ಏಳು ಡಾಕ್ಟರುಗಳಲ್ಲಿ ಒಬ್ಬ.

ಒಂದು ಟೊಪ್ಪಿಗೆಗೆ ಇಷ್ಟು ಹೋರಾಟ ಯಾಕೆ ಎಂದು ಹೊಟ್ಟೆ ತುಂಬಿದವರು ಕೇಳಬಹುದು. ಕುಡಿಯುವ ನೀರಿಗೆ ಮಹಾಡದ ಕೆರೆಗೆ ಬಾಬಾಸಾಹೇಬರು ನಡೆದದ್ದು ಯಾಕೆ ಎಂದು ತಿಳಿದವರಿಗೆ ಟೊಪ್ಪಿಗೆಯೂ ತಿಳಿಯುತ್ತದೆ.

ಟೊಪ್ಪಿಗೆಯ ಮಾತು ಅದಕ್ಕೂ ಮೊದಲೇ ಎದ್ದಿತ್ತು. 1894ರಲ್ಲಿ ಕೊರಿಯಾದ ತೆಂಕಣ ಸೀಮೆಯ ರೈತರು ದಂಗೆ ಎದ್ದರು. ಗೋಬು ಎಂಬಲ್ಲಿ ಅಧಿಕಾರಿಯೊಬ್ಬ ರೈತರಿಂದಲೇ ಒಡ್ಡು ಕಟ್ಟಿಸಿ, ಅದೇ ಒಡ್ಡಿನ ನೀರಿಗೆ ಅವರಿಂದಲೇ ಕರ ಸುಲಿದ. ಮುಂದಾಳು ಜನ್ ಬೊಂಗ್‌ಜುನ್ ಗಿಡ್ಡ ಆಳು. ಮಂದಿ ಅವನಿಗೆ 'ಹೆಸರುಕಾಳು' ಎಂದು ಅಡ್ಡಹೆಸರಿಟ್ಟಿದ್ದರು. ಗುಲಾಮರ ದಾಖಲೆ ಸುಡಬೇಕು, ಬೆಕ್‌ಜಾಂಗರ ತಲೆಯ ಬಿದಿರಿನ ಟೊಪ್ಪಿಗೆ ತೆಗೆಯಬೇಕು ಎಂಬುವೂ ಅವರ ಬೇಡಿಕೆಯಾಗಿದ್ದವೆಂದು ಆ ದಂಗೆಯಲ್ಲಿದ್ದವನೊಬ್ಬ ಮುಂದೆ ಬರೆದಿಟ್ಟ. ಜಪಾನಿನ ಬಂದೂಕುಗಳು ದಂಗೆಯನ್ನು ಹೊಸಕಿದವು. 1895ರಲ್ಲಿ ಹೆಸರುಕಾಳನ್ನು ಕೊಂದರು. 2019ರ 'ನೋಕ್ದು ಫ್ಲವರ್' ಧಾರಾವಾಹಿ ಈ ದಂಗೆಯನ್ನೇ ತೋರಿಸುತ್ತದೆ.

ಅದನ್ನು ನೋಡುವಾಗ ಮುಧೋಳ ತಾಲೂಕಿನವರು ಹಲಗಲಿಯನ್ನು ನೆನೆಯದೆ ಇರುವುದು ಹ್ಯಾಂಗ? 1857ರಲ್ಲಿ ಹತ್ಯಾರ ಒಪ್ಪಿಸಿರಿ ಎಂದು ಕಂಪನಿ ಸರಕಾರ ಹುಕುಂ ಮಾಡಿದಾಗ, ಹತ್ಯಾರ ಕೊಟ್ಟ ಮೇಲೆ ಬೇಡರಿಗೆ ಉಳಿಯೂದೇನು ಎಂದು ಜಡಗ, ಬಾಲ, ಹನುಮ, ರಾಮ ತಿರುಗಿ ಬಿದ್ದರು. ಊರಿಗೆ ಬೆಂಕಿ ಇಟ್ಟರು. ಆ ಡಿಸೆಂಬರಿನಲ್ಲಿ 19 ಮಂದಿಯನ್ನು ಗಲ್ಲಿಗೇರಿಸಿದರು. ನಮ್ಮ ಲಾವಣಿಕಾರರು ಹಾಡದೆ ಇದ್ದಿದ್ದರೆ, ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ ಆ ಲಾವಣಿ ಬರೆಸಿಕೊಂಡು ಅಚ್ಚು ಮಾಡಿಸದೆ ಇದ್ದಿದ್ದರೆ, ಆ ಹೆಸರುಗಳು ಬೂದಿಯ ಜೊತೆ ಹೋಗುತ್ತಿದ್ದವು. ಕೊರಿಯಾದವರು ತಮ್ಮ ಸೋತ ರೈತರನ್ನು ತೆರೆಯ ಮೇಲೆ ಎಬ್ಬಿಸಿ ಲೋಕಕ್ಕೆಲ್ಲ ತೋರಿಸಿದರು. ನಮ್ಮ ಹಲಗಲಿಯವರಿಗೆ ಅಂಥ ಹತ್ತು ಕಂತು ಕೊಡಲು ಯಾವ ವಾಹಿನಿಗೆ ಮನಸ್ಸಿದೆ?

4

1894ರಲ್ಲಿಯೇ ಕೊರಿಯಾ ಸರಕಾರ ಗುಲಾಮಗಿರಿ ಮತ್ತು ಹುಟ್ಟಿನ ಅಂತಸ್ತನ್ನು ಕಾನೂನಿನಿಂದ ತೆಗೆಯಿತು. ಕಾಗದದ ಮೇಲೆ ಹೋಯಿತು, ಊರಲ್ಲಿ ಹೋಗಲಿಲ್ಲ. 1910ರಲ್ಲಿ ದೇಶ ಜಪಾನಿನ ವಸಾಹತಾಯಿತು. ಕುಟುಂಬದ ದಾಖಲೆಯಲ್ಲಿ ಕಟುಕರ ಹೆಸರಿನ ಮುಂದೆ ಕಸುಬಿನ ಗುರುತು, ಕೆಂಪು ಚುಕ್ಕೆ ಉಳಿದವು. ಜಿಂಜು ಪಟ್ಟಣದ ಒಂದು ಚರ್ಚಿನಲ್ಲಿ 1909ರಲ್ಲಿ ಬೆಕ್‌ಜಾಂಗರು ಜೊತೆಗೆ ಕೂತರೆಂದು ಉಳಿದ ಭಕ್ತರು ಎದ್ದು ಹೋದರು. ದೇವರು ಬದಲಾದರೂ ಪೀಠ ಬದಲಾಗಲಿಲ್ಲ.

ಅದೇ ಜಿಂಜುವಿನಲ್ಲಿ ಈ ಹಾದಿಯ ತಿರುವು ಇದೆ. ಅಲ್ಲಿ ಈ ಹಾಕ್‌ಚಾನ್ ಎಂಬ ದುಡ್ಡಿದ್ದ ಕಟುಕನ ಮಗನನ್ನು ಸಾಲಿಗೆ ಸೇರಿಸಿಕೊಳ್ಳಲಿಲ್ಲ. ಜಾಂಗ್ ಜಿಪಿಲ್ ಎಂಬ ಬೆಕ್‌ಜಾಂಗ್ ಯುವಕ ಟೋಕಿಯೋಕ್ಕೆ ಹೋಗಿ ಮೆಯಿಜಿ ವಿಶ್ವವಿದ್ಯಾಲಯದಲ್ಲಿ ಓದಿ ಬಂದಿದ್ದ. ನೌಕರಿಗೆ ಅರ್ಜಿ ಹಾಕಲು ದಾಖಲೆ ತೆಗೆಸಿದರೆ ಅದರಲ್ಲಿ ಕಟುಕ ಎಂದು ಬರೆದಿತ್ತು. ಇವರೆಲ್ಲ ಕೂಡಿ, ಕಾಂಗ್ ಸಾಂಗ್‌ಹೊ ಎಂಬ ಯಾಂಗ್‌ಬಾನ್ ಗೆಳೆಯನನ್ನೂ ಜೊತೆಗೆ ತಕ್ಕೊಂಡು, 1923ರ ಏಪ್ರಿಲಿನಲ್ಲಿ ಒಂದು ಸಂಘ ಕಟ್ಟಿದರು. ಅದರ ಹೆಸರು ಹ್ಯಂಗ್‌ಪ್ಯಂಗ್‌ಸಾ. ತಕ್ಕಡಿಯ ದಂಡಿಗೆಯಂತೆ ಸಮನಾದ ಸಂಘ ಎಂದು ಅರ್ಥ. ಮಾಂಸ ತೂಗುವ ತಕ್ಕಡಿಯನ್ನೇ ಅವರು ಬಾವುಟದ ಮಾತು ಮಾಡಿಕೊಂಡರು. ದಿನಾ ಯಾವ ಕೈಯನ್ನು ಹೊಲಸೆಂದರೋ ಆ ಕೈಯ ಉಪಕರಣವೇ ಸಮಾನತೆಯ ಗುರುತಾಯಿತು. ಸೇಜಾಂಗ್ ದೊರೆ ಮೇಲಿಂದ ಹೆಸರು ಕೊಟ್ಟು ಸರಿಯಾಗಿ 500 ವರ್ಷಕ್ಕೆ ಅವರು ತಮ್ಮ ಹೆಸರು ತಾವೇ ಇಟ್ಟುಕೊಂಡರು.

ಗೆಳೆಯರೇ, ಇಸವಿಗಳನ್ನು ಜೋಡಿಸಿ ನೋಡಿರಿ. 1922ರಲ್ಲಿ ಜಪಾನಿನ ಕ್ಯೋಟೋದಲ್ಲಿ ಬುರಾಕುಮಿನ್ ದಲಿತರ ಸುಯಿಹೆಯಿಶಾ. 1923ರಲ್ಲಿ ಜಿಂಜುವಿನ ತಕ್ಕಡಿ ಸಂಘ. 1924ರಲ್ಲಿ ಮುಂಬಯಿಯಲ್ಲಿ ಬಾಬಾಸಾಹೇಬರ ಬಹಿಷ್ಕೃತ ಹಿತಕಾರಿಣಿ ಸಭಾ. ಮೂರು ವರ್ಷ, ಮೂರು ದೇಶ. ಹೊಲಸು ಎನಿಸಿಕೊಂಡವರು ಒಂದೇ ಹೊತ್ತಿಗೆ ಎದ್ದು ನಿಂತರು. ನಮ್ಮ ಸಾಲಿಯ ಚರಿತ್ರೆ ಪುಸ್ತಕ ಇದನ್ನು ನಮಗೆ ಕಲಿಸಲಿಲ್ಲ.

ಎದ್ದವರಿಗೆ ಏನಾಯಿತು ಎಂಬುದೂ ನಮಗೆ ಗೊತ್ತಿರುವ ಕತೆಯೇ. ಜಿಂಜುವಿನ ಸಾಮಾನ್ಯ ರೈತರೇ ಮೆರವಣಿಗೆ ತೆಗೆದು, ಇವರ ಹತ್ತಿರ ದನದ ಮಾಂಸ ಕೊಳ್ಳಬಾರದೆಂದು ಬಹಿಷ್ಕಾರ ಹಾಕಿದರು. 1925ರಲ್ಲಿ ಯೆಚಾನ್ ಎಂಬಲ್ಲಿ ಗುಂಪು ಕಟ್ಟಿಕೊಂಡು ಬಂದು ಸಂಘದವರನ್ನು ಬಡಿದರು. ಬಡಿದವರು ಯಾಂಗ್‌ಬಾನರಲ್ಲ, ತಾವೂ ತುಳಿಸಿಕೊಂಡ ಬಡವರು. ತನ್ನ ಕೆಳಗೆ ಒಬ್ಬ ಇದ್ದಾನೆಂಬ ಸಮಾಧಾನವೇ ಬಡವನಿಗೆ ವ್ಯವಸ್ಥೆ ಕೊಡುವ ಕೂಲಿ.

5

ಹೆಣ್ಣುಮಕ್ಕಳ ಮಾತು ಬಿಟ್ಟು ಈ ಚರಿತ್ರೆ ಮುಗಿಯುವುದಿಲ್ಲ. ಕೊರಿಯಾದ ಧಾರಾವಾಹಿಗಳಲ್ಲಿ ಗಿಸೆಂಗರನ್ನು ಬಹಳ ಚೆಂದ ತೋರಿಸುತ್ತಾರೆ. 2006ರ 'ಹ್ವಾಂಗ್ ಜಿನಿ'ಯಂತೂ ಅಂಥವಳದೇ ಕತೆ. ಬಣ್ಣದ ಲಂಗ, ವೀಣೆಯಂಥ ವಾದ್ಯ, ಕಾವ್ಯ, ಪಂಡಿತರ ಮೆಚ್ಚುಗೆ. ಆದರೆ ಗಿಸೆಂಗಳ ಮಗಳು ಗಿಸೆಂಗ್ ಆಗಬೇಕು ಎಂಬ ಕಟ್ಟಳೆ ಆ ಬಣ್ಣದ ಕೆಳಗೆ ಅಡಗಿದೆ. ಯಾಂಗ್‌ಬಾನನಿಗೆ ಹುಟ್ಟಿದರೂ ಅವಳು ತಾಯಿಯ ಹೀನ ಕುಲಕ್ಕೇ ಸೇರಿದವಳು.

ಮುಧೋಳ, ಜಮಖಂಡಿ ಸೀಮೆಯಲ್ಲಿ ಮುತ್ತು ಕಟ್ಟಿಸಿಕೊಂಡ ನಮ್ಮ ಅವ್ವಂದಿರು, ಅಕ್ಕಂದಿರು ಇದನ್ನು ನೋಡಿ ಏನೆನ್ನಬೇಕು? ದೇವದಾಸಿ ನಿಷೇಧ ಕಾನೂನು ಬಂದದ್ದು 1982ರಲ್ಲಿ. ಅದಕ್ಕೆ ಮೊದಲೂ ಆಮೇಲೂ ಎಲ್ಲಮ್ಮನ ಹೆಸರಿನಲ್ಲಿ ಬಿಟ್ಟದ್ದು ಯಾರ ಕೇರಿಯ ಮಕ್ಕಳನ್ನು? ನಮ್ಮಲ್ಲಿಯೂ ಪಂಡಿತರು ಇದ್ದಾರೆ. ದೇವದಾಸಿಯರು ಕಲೆ ಉಳಿಸಿದರು ಎಂದು ಕಣ್ಣರಳಿಸಿ ಬರೆಯುತ್ತಾರೆ. ಸಾಲಿಗೆ ಹೆಸರು ಹಚ್ಚಲು ಹೋದ ಕೂಸಿಗೆ ಮಾಸ್ತರು, ನಿಮ್ಮಪ್ಪನ ಹೆಸರೇನ ಎಂದು ಕೇಳಿದಾಗ ಆ ತಾಯಿ ನೆಲ ನೋಡಿದ್ದನ್ನು ಆ ಪಂಡಿತರು ಬರೆಯುವುದಿಲ್ಲ. ಜಾಂಗ್ ಜಿಪಿಲ್‌ನ ದಾಖಲೆಯ 'ಕಟುಕ' ಎಂಬ ಶಬ್ದಕ್ಕೂ ಈ ಖಾಲಿ ಬಿಟ್ಟ ತಂದೆಯ ಹೆಸರಿನ ಸಾಲಿಗೂ ಒಂದೇ ಮಸಿ. ಈ ಪತ್ರಿಕೆ ಓದುವ ಹಳ್ಳಿಯ ಮಾಸ್ತರರು ಆ ಪ್ರಶ್ನೆ ಕೇಳುವ ಮುನ್ನ ಒಮ್ಮೆ ತಡೆದರೆ ಸಾಕು, ನಾವು ಬರೆದದ್ದು ಸಾರ್ಥಕ.

6

ಈಗ ಎಲ್ಲಕ್ಕಿಂತ ಕಠಿಣ ಪ್ರಶ್ನೆ. ಇವತ್ತು ಕೊರಿಯಾದಲ್ಲಿ ಯಾರು ಬೆಕ್‌ಜಾಂಗರ ಮೊಮ್ಮಗ ಎಂದು ಗುರುತಿಸಲು ಆಗುವುದಿಲ್ಲ. ಅವರ ಕೇರಿ ಅಳಿಯಿತು. ನಮ್ಮದು ಯಾಕೆ ಅಳಿಯಲಿಲ್ಲ?

ಒಂದು, ಅಲ್ಲಿಯ ಒಡೆತನ ಮುರಿಯಿತು. ದಕ್ಷಿಣ ಕೊರಿಯಾದಲ್ಲಿ 1949-50ರ ಭೂಸುಧಾರಣೆ ಒಂದು ಮನೆತನಕ್ಕೆ ಸುಮಾರು ಮೂರು ಹೆಕ್ಟೇರ್ ಮಿತಿ ಹಾಕಿ ಯಾಂಗ್‌ಬಾನ್ ಜಮೀನುದಾರಿಯ ಬೆನ್ನೆಲುಬು ಮುರಿಯಿತು. ಎರಡು, 1950ರಿಂದ 53ರ ಯುದ್ಧ ಊರುಗಳನ್ನೇ ಕಲಕಿತು. ದಾಖಲೆ ಸುಟ್ಟವು, ಮಂದಿ ಚೆದರಿದರು, ಪಟ್ಟಣದಲ್ಲಿ ಪಕ್ಕದ ಮನೆಯವನ ಅಜ್ಜ ಯಾರೆಂದು ಯಾರಿಗೂ ತಿಳಿಯದಾಯಿತು. ಮೂರು, ಅಲ್ಲಿಯ ಕಟ್ಟಳೆಗೆ ಹಿಂದಿನ ಜನ್ಮದ ಪಾಪ ಎಂಬ ಶಾಸ್ತ್ರದ ಕಾವಲು ನಮ್ಮಲ್ಲಿಯಷ್ಟು ಗಟ್ಟಿ ಇರಲಿಲ್ಲ.

ನಮ್ಮಲ್ಲಿ? 1948ರಲ್ಲಿ ಜಮಖಂಡಿ, ಮುಧೋಳ ಸಂಸ್ಥಾನಗಳು ಹೋದವು. 1974ರ ದೇವರಾಜ ಅರಸರ ಕಾಲದ ಭೂಸುಧಾರಣೆ ಗೇಣಿದಾರರಿಗೆ ಹೊಲ ಕೊಟ್ಟಿತು. ಗೇಣಿಯ ಚೀಟಿಯೂ ಇರದ ಕೂಲಿಯ ಹೊಲೆ ಮಾದಿಗರಿಗೆ ಬಂದದ್ದು ಬಹಳ ಕಡಿಮೆ. 2020ರ ತಿದ್ದುಪಡಿ ದುಡ್ಡಿದ್ದವರು ಯಾರು ಬೇಕಾದರೂ ಹೊಲ ಕೊಳ್ಳಲು ಬಾಗಿಲು ತೆರೆಯಿತು. ಆಲಮಟ್ಟಿಯ ಹಿನ್ನೀರಿನಲ್ಲಿ ಬೀಳಗಿ ತಾಲೂಕಿನ ಊರುಗಳು ಮುಳುಗಿದವು. ನಾವು ನೋಡಿದ ಪುನರ್ವಸತಿ ಊರುಗಳಲ್ಲಿ ಹೊಸ ನಕಾಶೆಯೊಳಗೂ ಕೇರಿ ಬೇರೆಯೇ ಬಂದು ಕೂತಿತ್ತು. ಊರು ಮುಳುಗಿತು, ಕೇರಿ ತೇಲಿತು. ಅಷ್ಟು ದೊಡ್ಡ ನೀರಿಗೂ ತೊಳೆಯಲಾಗಲಿಲ್ಲ.

ಹಾಗೆಂದು ಕೊರಿಯಾವನ್ನು ನಾವು ಸ್ವರ್ಗವೆನ್ನುವುದಿಲ್ಲ. ಅಲ್ಲಿ ಹುಟ್ಟಿನ ಜಾಗಕ್ಕೆ ರೊಕ್ಕ ಬಂದು ಕೂತಿದೆ. 2021ರ 'ಸ್ಕ್ವಿಡ್ ಗೇಮ್' ನಮ್ಮ ನೇಕಾರ ಹುಡುಗರೆಲ್ಲ ನೋಡಿದ ಧಾರಾವಾಹಿ. ಸಾಲದಲ್ಲಿ ಮುಳುಗಿದ 456 ಮಂದಿ, 4560 ಕೋಟಿ ವಾನ್ ಬಹುಮಾನ, ಸೋತವನಿಗೆ ಸಾವು. ನಾಯಕ ಮೋಟಾರು ಕಾರಖಾನೆಯಿಂದ ಹೊರಗೆ ಹಾಕಿಸಿಕೊಂಡ ಕಾರ್ಮಿಕ. 2009ರಲ್ಲಿ ಸಾಂಗ್‌ಯಾಂಗ್ ಮೋಟಾರ್ ಕಂಪನಿ 2646 ಮಂದಿಯನ್ನು ತೆಗೆಯಹೊರಟಾಗ ಕಾರ್ಮಿಕರು 77 ದಿನ ಕಾರಖಾನೆ ಹಿಡಿದು ಕೂತ ನಿಜವಾದ ಹೋರಾಟದ ನೆರಳು ಅದರಲ್ಲಿದೆ. ಅದರಲ್ಲಿ ಕೂಲಿಗೆ ಬಂದ ಪಾಕಿಸ್ತಾನದ ಅಲಿ ನಂಬಿದವನಿಂದಲೇ ಮೋಸ ಹೋಗಿ ಸಾಯುತ್ತಾನೆ. ರಬಕವಿಯ ನೇಕಾರನೊಬ್ಬ ಅದನ್ನು ನೋಡಿ ಅಂದದ್ದು ಇಷ್ಟು: "ನಮ್ಮದೂ ಇದ ಆಟರಿ. ಮಾಲಕನ ಮುಂಗಡ, ಸಂಘದ ಸಾಲ, ಬಡ್ಡಿಯವನ ಕೈಗಡ. ಗುಂಡ ಹೊಡಿಯೂದಿಲ್ಲ, ನಾವ ಹಗ್ಗ ಹುಡಕಬೇಕು." ಇದಕ್ಕಿಂತ ದೊಡ್ಡ ವಿಮರ್ಶೆ ನಾವು ಬರೆಯಲಾರೆವು.

7

ಕೊನೆಗೆ ನಮ್ಮ ತೆರೆಯ ಮಾತು. ಕನ್ನಡದ ಧಾರಾವಾಹಿಗಳಲ್ಲಿ ದೊಡ್ಡ ಮನೆ, ಮೈತುಂಬ ಬಂಗಾರ, ಅತ್ತೆ ಸೊಸೆ ಜಗಳ. ಆ ಮನೆಗೆ ಕೇರಿ ಎಂಬುದೇ ಇರುವುದಿಲ್ಲ. ಬೇರೆ ಭಾಷೆಯ ಕತೆ ಕನ್ನಡದ ಮಾತಿನಲ್ಲಿ ಬರದಂತೆ 1960ರ ದಶಕದಿಂದ ಬಾಗಿಲು ಹಾಕಿದ್ದರು; ಹಾಗೆ ಅಡ್ಡಗಟ್ಟುವುದು ತಪ್ಪೆಂದು ಭಾರತ ಸ್ಪರ್ಧಾ ಆಯೋಗ ಹೇಳಿದ್ದು 2015ರಲ್ಲಿ. ಆ ಬಾಗಿಲು ತೆರೆದದ್ದರಿಂದಲೇ 2020ರ ಜುಲೈಯಲ್ಲಿ ಹಿಂದಿಯಿಂದ ಕನ್ನಡಕ್ಕೆ ಬಂದ 'ಮಹಾನಾಯಕ' ನಮ್ಮ ಮನೆಗಳಿಗೆ ಬಂತು. ತರಗತಿಯ ಹೊರಗೆ ಗೋಣಿಚೀಲದ ಮೇಲೆ ಕೂತ ಭೀಮರಾಯನನ್ನು ಕನ್ನಡದಲ್ಲಿ ಮಾತಾಡುವಂತೆ ನಮ್ಮ ಅವ್ವಂದಿರು ಮೊದಲ ಸಲ ಕಂಡರು. ಊರೂರಲ್ಲಿ ಫಲಕ ಕಟ್ಟಿದರು. ಅದನ್ನು ತೋರಿಸಿದ ವಾಹಿನಿಯ ಮುಖ್ಯಸ್ಥರಿಗೆ ಬೆದರಿಕೆಯ ಕರೆಗಳೂ ಬಂದವು. ಕತೆಗೆ ಯಾರು ಅಂಜುತ್ತಾರೆ ಎಂಬುದು ಅದರಿಂದ ಗೊತ್ತಾಗುತ್ತದೆ.

ಕೊರಿಯಾದವರು ಕಟುಕನ ಮಗನನ್ನು ನಾಯಕ ಮಾಡಿದ್ದು ಅಲ್ಲಿ ಕೇರಿ ಅಳಿದ ಮೇಲೆ. ಈಗ ಅದನ್ನು ನೋಡಿ ಯಾರ ಗದ್ದುಗೆಯೂ ಅಲುಗುವುದಿಲ್ಲ. ನಾವು ಬರೆಯಬೇಕಾದದ್ದು ಕೇರಿ ಇರುವಾಗಲೇ. ಹಲಗಲಿಯ ಕತೆ, ಮುತ್ತು ಹರಿದು ಬಿಸಾಕಿದ ಅವ್ವನ ಕತೆ, ಮುಳುಗಿದ ಊರಿನ ಮುಳುಗದ ಕೇರಿಯ ಕತೆ ಯಾರೋ ಬಂದು ಬರೆಯಲಿ ಎಂದು ಕಾಯುವಂತಿಲ್ಲ. ಮೊಬೈಲು ಕೈಯಲ್ಲೇ ಇದೆ.

ಪ್ರಶ್ನೆ ಕೇಳಿದ ಆ ತಂಗಿಗೆ ಇಷ್ಟು ಹೇಳುತ್ತೇವೆ: ನೋಡವ್ವಾ, ಬ್ಯಾಡ ಅನ್ನೂದಿಲ್ಲ. ಆದರ ತಕ್ಕಡಿ ಕೈಯಾಗ ಹಿಡಕೊಂಡು ನೋಡು. ಯಾರ ಕಣ್ಣೀರಿಗೆ ಎಷ್ಟು ತೂಕ ಹಾಕ್ಯಾರ, ಯಾರನ್ನ ತಟ್ಟಿಯೊಳಗ ಹಾಕದ ಬಿಟ್ಟಾರ, ನೀನ ತೂಗಿ ನೋಡು. ನೋಡಿ ಬಂದು ನಮಗೂ ಹೇಳು.